ಬೇಕರಿಯ ಸಿನಿಮಾ ಮತ್ತು ಒಂದು ಒಪ್ಪಿಗೆ ಪತ್ರ

ಇಪ್ಪತ್ತೇಳು ಚೀಟಿಗಳಲ್ಲಿ ಹತ್ತೊಂಬತ್ತರ ಮೇಲೆ ಬಟಾಟೆವಡೆಯ ಎಣ್ಣೆ ಕೂತಿತ್ತು. ಎಣ್ಣೆ ಕುಡಿದ ಕಾಗದ ಪಾರದರ್ಶಕವಾಗುತ್ತದೆಂಬುದು ನಿಮಗೂ ಗೊತ್ತು. ಹಾಗಾಗಿ 'ಹೃದಯಸ್ಪರ್ಶಿ' ಎಂದು ಬರೆದಿದ್ದ ಒಂದು ಚೀಟಿಯೊಳಗಿಂದ, ಅದರ ಕೆಳಗಿದ್ದ ಇನ್ನೊಂದರ 'ಚಟ್ನಿ ಸಾಲಲಿಲ್ಲ' ಎಂಬ ಅಭಿಪ್ರಾಯ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡರ ಪ್ರಾಮಾಣಿಕತೆಯನ್ನು ತಕ್ಕಡಿಗೆ ಹಾಕಿದ್ದರೆ ಚಟ್ನಿಯದೇ ಒಂದು ಗುಲಗಂಜಿ ಹೆಚ್ಚು ತೂಗುತ್ತಿತ್ತೇನೋ.

ಚೀಟಿ ಓದುವುದು ನನ್ನ ಕೆಲಸ. ಘಣಸೋಲಿಯ ನಮ್ಮ ವಸತಿ ಸೊಸೈಟಿಯ ಕನ್ನಡ ಕುಟುಂಬಗಳು ತಿಂಗಳಿಗೊಂದು ಭಾನುವಾರ, ಕೆಳಗಿನ ಸಭಾಂಗಣದ ಗೋಡೆಗೆ ಬಿಳಿ ಚಾದರ ಕಟ್ಟಿ ಸಿನಿಮಾ ನೋಡುತ್ತವೆ. ಮುಗಿದ ಮೇಲೆ ಪ್ರತಿಯೊಬ್ಬರೂ ಹೆಸರು ಹಾಕದೆ ಎರಡು ಸಾಲು ಬರೆದು ಸ್ಟೀಲಿನ ಡಬ್ಬಿಗೆ ಹಾಕಬೇಕು, ಅವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ನಡುನಡುವೆ ಜಗಳ. ಓದುತ್ತಿರುವಾಗಲೇ ಬರೆದವರು ಕೈಯೆತ್ತಿ ಅದು ತಮ್ಮದೆಂದು ಸಾರುವುದೂ ಪದ್ಧತಿಯ ಅಂಗವೇ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಹೆಚ್ಚು ಮಾತಾಡದವಳು, ಆದ್ದರಿಂದ ಪಕ್ಷಪಾತವಿಲ್ಲದವಳು ಎಂದು ನನ್ನನ್ನು ಆರಿಸಿದ್ದರು. ಮಾತಾಡದವರ ಬಗ್ಗೆ ಲೋಕಕ್ಕೆ ಇಂಥ ಉದಾರವಾದ ಭ್ರಮೆಗಳಿವೆ. ನಾನೂ ಅವನ್ನು ಕೆಡಿಸಲು ಹೋಗಿರಲಿಲ್ಲ.

ಆ ಸಲದ ಸಿನಿಮಾ ಪರದೇಶದ್ದು. ಸಣ್ಣ ಊರೊಂದರಲ್ಲಿ ಬೇಕರಿ ನಡೆಸುವ ಬಿಳಿಯ ವಿಧವೆ. ಆ ಊರಿಗೆ ವರ್ಗವಾಗಿ ಬಂದ ಕಪ್ಪು ಅಂಚೆಯವನು. ಮೊದಲ ಅರ್ಧದಲ್ಲಿ ಆಕೆ ಅವನಿಗೆ ಬಾಗಿಲು ತೆರೆಯುವುದಿಲ್ಲ, ಎರಡನೆಯ ಅರ್ಧದಲ್ಲಿ ಮುಚ್ಚುವುದಿಲ್ಲ. ಕೊನೆಗೆ ಅವನ ಮಗಳ ಮದುವೆಯಲ್ಲಿ ಇಡೀ ಊರು ಕುಣಿಯುತ್ತದೆ. ಶತಮಾನಗಳ ಅನ್ಯಾಯವೊಂದು ವಡೆಯ ವಿರಾಮವೂ ಸೇರಿ ಎರಡೂಕಾಲು ಗಂಟೆಯಲ್ಲಿ ಪರಿಹಾರವಾದದ್ದನ್ನು ಕಂಡು ನಮ್ಮಲ್ಲಿ ಅನೇಕರು ಕಣ್ಣೊರೆಸಿಕೊಂಡರು.

ಅಭಿಪ್ರಾಯ ಮಾತ್ರ ಸರಿಯಾಗಿ ಎರಡು ಹೋಳಾಯಿತು. ಮೆಚ್ಚಿದವರ ಮುಖಂಡರು ಸುಧಾಕರಣ್ಣ. ಕುಂದಾಪುರದ ಕಡೆಯವರು, ಮಾರುಕಟ್ಟೆಯ ಎದುರು ಹೋಟೆಲು ಇಟ್ಟವರು, ಸೊಸೈಟಿಯ ಕಾರ್ಯದರ್ಶಿ. ಮನುಷ್ಯ ಮನುಷ್ಯನನ್ನು ಮನುಷ್ಯ ಅಂತ ಕಂಡರೆ ಸಾಕು, ಅದಕ್ಕಿಂತ ಹೆಚ್ಚಿನದ್ದು ಎಂತ ಬೇಕು ಎಂದು ಒದ್ದೆ ಧ್ವನಿಯಲ್ಲಿ ಕೇಳಿದರು. ಮೆಚ್ಚದವರ ಮುಖಂಡರು ಮೈಸೂರಿನ ರಘುನಂದನ್, ಬೇಲಾಪುರದಲ್ಲಿ ಹಣಕಾಸಿನ ಕಂಪನಿಯ ಅಧಿಕಾರಿ, ಸೊಸೈಟಿಯ ಅಧ್ಯಕ್ಷರು. ಅವರಿಗೆ ಕಣ್ಣೀರೆಂದರೆ ಆಗದು.

"ನೋಡಿ ಸಾರ್, ಇದು ಬಿಳಿಯರು ತಮಗೆ ತಾವೇ ಬರ್ಕೊಂಡಿರೋ ಗುಡ್ ಕ್ಯಾರೆಕ್ಟರ್ ಸರ್ಟಿಫಿಕೇಟು," ಎಂದರು. ಅಂಚೆಯವನಿಗೆ ಇಡೀ ಸಿನಿಮಾದಲ್ಲಿ ಒಂದು ಸಲವೂ ಕೋಪ ಬರುವುದಿಲ್ಲ, ಅದೇ ಅನ್ಯಾಯ ಎಂದೂ ವಿವರಿಸಿದರು. ಮಾತು ನಿಜವೇ. ನಿಜವಾದ ಮಾತನ್ನಾಡಿದ ತೃಪ್ತಿ ಅವರ ಮುಖದ ಮೇಲೆ, ಅತ್ತವರ ಮುಖದ ಮೇಲಿದ್ದ ತೃಪ್ತಿಗಿಂತ ತುಸು ಹೆಚ್ಚೇ ಹೊಳೆಯುತ್ತಿತ್ತು.

ನಡುವೆ ಧಾರವಾಡದ ಕಮಲಕ್ಕ ಬಾಯಿ ಹಾಕಿದರು. "ಅಲ್ರೀ, ಆಕಿ ಅವಗ ಬ್ರೆಡ್ ಕೊಟ್ಟದ್ದು ಕಾಗದದ ಚೀಲದಾಗ. ತಾ ತಿಂದದ್ದು ಪಿಂಗಾಣಿ ತಾಟಿನ್ಯಾಗ. ಯಾರರ ನೋಡೀರೇನು?"

ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಇಡೀ ಸಂಜೆಯ ಅತ್ಯಂತ ಸೂಕ್ಷ್ಮವಾದ ವಿಮರ್ಶೆಯದು. ಕಮಲಕ್ಕನ ಅಡುಗೆಮನೆಯಲ್ಲಿ ಕೆಲಸದವಳ ಚಹಾಕ್ಕೆಂದು ಹಿಡಿ ಮುರಿದ ಲೋಟವೊಂದು ಕಿಟಕಿಯ ಮೇಲೆ ಬೇರೆಯಾಗಿ ಇರುತ್ತದೆಂಬುದನ್ನು ಇಲ್ಲಿ ಹೇಳದಿದ್ದರೆ, ನಿಖರತೆಗೆ ಹೆಸರಾದವಳು ನಿಮಗೆ ಮೋಸ ಮಾಡಿದಂತಾಗುತ್ತದೆ.

ಬಣ್ಣದ ವಿಷಯದಲ್ಲಿ ನಾವು ನಿರ್ಲಿಪ್ತರೆಂದು ನಮಗೊಂದು ನಂಬಿಕೆ. ಕಳೆದ ವರ್ಷ ಸಂಬಂಧ ನೋಡುವ ಸಲುವಾಗಿ ನನ್ನ ಫೋಟೋ ತೆಗೆಸಿದಾಗ ಸ್ಟುಡಿಯೋದವರು ಕೇಳದೆಯೇ ನನ್ನನ್ನು ಎರಡು ಛಾಯೆ ಬೆಳ್ಳಗೆ ಮಾಡಿ ಕೊಟ್ಟಿದ್ದರು. ಅಮ್ಮ ಅದನ್ನು ನೋಡಿ, ಬೆಳಕು ಚೆನ್ನಾಗಿ ಬಿದ್ದಿದೆ ಎಂದಳು. ನಾನು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನಗೆ ಬಹಳ ವರ್ಷಗಳ ಅಭ್ಯಾಸವಿದೆ. ಆ ಅಭ್ಯಾಸ ಹಿಂದಿನ ಗುರುವಾರ ನನ್ನಿಂದ ಏನು ಮಾಡಿಸಿತ್ತೆಂಬುದನ್ನು ಇನ್ನು ಹೇಳಲೇಬೇಕು.

ಗ್ರೇಸ್ ನನ್ನ ಜೊತೆ ಎಂ.ಎಸ್ಸಿ. ಓದಿದವಳು, ಕೀನ್ಯಾದವಳು, ಈಗ ಇಲ್ಲೇ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳಿದ್ದ ಮನೆಯನ್ನು ಮಾಲೀಕರು ಮಾರಿದ್ದರಿಂದ ತಿಂಗಳ ಕೊನೆಯೊಳಗೆ ಜಾಗ ಹುಡುಕಬೇಕಿತ್ತು. ಫೋನಿನಲ್ಲಿ ಬನ್ನಿ ಎಂದವರೆಲ್ಲ ಬಾಗಿಲು ತೆರೆದ ಕೂಡಲೇ, ಈಗಷ್ಟೇ ಬೇರೆಯವರಿಗೆ ಕೊಟ್ಟೆವು ಎನ್ನುತ್ತಿದ್ದರಂತೆ. ಅದೇ ಹೊತ್ತಿಗೆ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದ ಚಿಕ್ಕಮ್ಮ ಟಿಟ್ವಾಳಾದ ದೊಡ್ಡ ಮನೆಗೆ ಹೋದರು. ಯಾರಿಗೆ ಕೊಡುವುದೆಂದು ನೀನೇ ನೋಡು ಎಂದು ಕೀಲಿಕೈಯನ್ನು ನನ್ನ ಕೈಗೇ ಇಟ್ಟರು. ಗ್ರೇಸ್‌ಗೆ ಹೇಳಿದಾಗ ಅವಳು ಕುಣಿಯಲಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿದಳು: "ನಾನು ಯಾರು ಅಂತ ನಿಮ್ಮ ಸೊಸೈಟಿಯವರಿಗೆ ಗೊತ್ತಿದೆಯಾ? ಗೊತ್ತಿದ್ದರೆ ಮಾತ್ರ ಪೆಟ್ಟಿಗೆ ಕಟ್ಟುತ್ತೇನೆ." ಗೊತ್ತಿದೆ ಎಂದೆ.

ನಮ್ಮಲ್ಲಿ ಬಾಡಿಗೆಗೆ ಬರುವವರಿಗೆ ಸೊಸೈಟಿಯ ಒಪ್ಪಿಗೆ ಪತ್ರ ಬೇಕು. ಎಲ್ಲರೂ ಅದನ್ನು ಎನ್‌ಒಸಿ ಎನ್ನುತ್ತಾರೆ. ಅದರ ಅರ್ಜಿಯಲ್ಲಿ ಹದಿನಾಲ್ಕು ಕಾಲಂಗಳಿವೆ. ಅರ್ಧವಿರಾಮವನ್ನೂ ಬಿಡದೆ ಬರೆಯುವ ನಾನು ಹದಿಮೂರನ್ನು ತುಂಬಿ, 'ಸ್ವಂತ ಊರು' ಎಂಬುದೊಂದನ್ನು ಖಾಲಿ ಬಿಟ್ಟೆ. ಸುಧಾಕರಣ್ಣ ಹೆಸರು ಓದಿದರು, ಮುಖ ಅರಳಿತು.

"ಗ್ರೇಸ್ ಅಂದ್ರೆ ನಮ್ಮ ಮಂಗ್ಳೂರಿನ ಬಾಯಿಯೋರಲ್ವಾ? ಒಳ್ಳೆ ಜನ ಮಾರಾಯ್ತಿ, ಕೊಡುವ."

ಗ್ರೇಸ್ ಎಂಬ ಹೆಸರಿನವಳು ಮಂಗಳೂರಿನ ಕ್ರೈಸ್ತರಲ್ಲಲ್ಲದೆ ಜಗತ್ತಿನ ಬೇರೆಡೆಯೂ ಹುಟ್ಟಿಯಾಳೆಂಬುದು ಕರಾವಳಿಯವರಿಗೆ ಹೊಳೆಯುವ ಸಂಗತಿಯಲ್ಲ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅರ್ಜಿ ಅವರ ಕಡತಕ್ಕೆ ಸೇರಿತು. ಅವರಿಗೆ ಸುಳ್ಳು ಹೇಳಲಿಲ್ಲವಲ್ಲ ಎಂಬ ಸಮಾಧಾನದೊಂದಿಗೆ ಮೆಟ್ಟಿಲು ಹತ್ತಿದೆ. ಬೇಕರಿಯ ವಿಧವೆಯಾದರೋ ಬಾಗಿಲನ್ನು ಎಲ್ಲರೆದುರೇ ಮುಚ್ಚಿದ್ದಳು. ನಾನು ತೆರೆದಂತೆ ಕಾಣುವಷ್ಟು ಸರಿಸಿ ಇಟ್ಟಿದ್ದೆ.

ಇಷ್ಟು ತಿಳಿದ ಮೇಲೆ, ಆ ಭಾನುವಾರ ಸಂಜೆ ಡಬ್ಬಿಯ ಮುಂದೆ ಕೂತವಳ ಸ್ಥಿತಿ ನಿಮಗೆ ಅರ್ಥವಾದೀತು. ಚರ್ಚೆ ಬಿಸಿಯಾಗಿದ್ದಾಗ ಹಿಂದಿನ ಸಾಲಿನಿಂದ ಯಾರೋ, ಪಕ್ಕದ ಸೆಕ್ಟರಿನ ಕಟ್ಟಡವೊಂದರಲ್ಲಿ ಆಫ್ರಿಕಾದ ವಿದ್ಯಾರ್ಥಿಗಳಿಗೆ ಮನೆ ಕೊಟ್ಟಿದ್ದಾರಂತೆ ಎಂದರು.

"ಅದು ಬೇರೆ ಸಬ್ಜೆಕ್ಟು," ಎಂದರು ರಘುನಂದನ್. "ಅದು ರೇಸಿಸಮ್ ಅಲ್ಲ, ಸೆಕ್ಯೂರಿಟಿ."

ಫ್ಯಾಮಿಲಿಗಳಿರುವ ಬಿಲ್ಡಿಂಗಿನಲ್ಲಿ ನೋಡಿಕೊಂಡೇ ಕೊಡಬೇಕಾಗುತ್ತದೆ ಎಂದು ಸುಧಾಕರಣ್ಣ ತಲೆಯಾಡಿಸಿದರು. ಅವರ ರೆಪ್ಪೆ ಇನ್ನೂ ಒದ್ದೆಯಾಗಿಯೇ ಇತ್ತು. ಸಿನಿಮಾ ಮುಗಿದಾಗಿನಿಂದ ಒಂದು ಮಾತಿಗೂ ಒಪ್ಪದಿದ್ದ ಎರಡು ಪಕ್ಷಗಳು ಹೀಗೆ ಒಂದಾದವು. ಸಿನಿಮಾ ಮನುಷ್ಯರನ್ನು ಬೆಸೆಯುತ್ತದೆ ಎಂದು ಒಂದು ಚೀಟಿಯಲ್ಲಿತ್ತು. ಅದನ್ನು ನಾನು ಮುಂದಿನದಾಗಿ ಓದಿದೆ; ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನದೂ ಒಂದು ಚೀಟಿ ಆ ಡಬ್ಬಿಯಲ್ಲಿತ್ತು. 'ಛಾಯಾಗ್ರಹಣ ಉತ್ತಮ' ಎಂದು ಬರೆದಿದ್ದೆ. ಎಣ್ಣೆಯ ಕಲೆಯಿಲ್ಲದ ಎಂಟು ಚೀಟಿಗಳಲ್ಲಿ ಅದೂ ಒಂದು.

ಕುರ್ಚಿ ಮಡಚುವಾಗ ಸುಧಾಕರಣ್ಣ ಹತ್ತಿರ ಬಂದು ಲಕೋಟೆಯೊಂದನ್ನು ಕೊಟ್ಟರು.

"ತಕೊ ಮಗಾ, ನಿನ್ನ ಗ್ರೇಸ್ ಬಾಯಿಯ ಎನ್‌ಒಸಿ. ನೀರುದೋಸೆ ತಿನ್ಬೇಕು ಅಂತಾದ್ರೆ ಸೀದಾ ನಮ್ಮ ಹೋಟೆಲಿಗೆ ಬರ್ಲಿಕ್ಕೆ ಹೇಳು."

ಅವರು ಕೆಟ್ಟವರಲ್ಲವೆಂಬುದೇ ತೊಂದರೆ. ಕೆಟ್ಟವರಾಗಿದ್ದರೆ ನನ್ನ ಮೌನಕ್ಕೆ ಜಾಣತನವೆಂದು ಹೆಸರಿಟ್ಟು ನಿದ್ದೆ ಮಾಡಬಹುದಿತ್ತು. ಥ್ಯಾಂಕ್ಸ್ ಅಣ್ಣ ಎಂದು ಲಕೋಟೆ ತೆಗೆದುಕೊಂಡೆ. ಮನೆಗೆ ಬಂದು ಚೀಟಿಗಳನ್ನು ಮೆಚ್ಚಿದವು, ಮೆಚ್ಚದವು ಎಂದು ವಿಂಗಡಿಸುತ್ತ ಕೂತಾಗ ಗ್ರೇಸ್ ಬರಬೇಕಿದ್ದ ಮುಂದಿನ ಶನಿವಾರದ ದೃಶ್ಯ ಕಣ್ಣ ಮುಂದೆ ಬಂತು. ಗ್ರೇಸ್ ಪೆಟ್ಟಿಗೆಗಳೊಂದಿಗೆ ಗೇಟಿನಲ್ಲಿ ಇಳಿಯುತ್ತಾಳೆ. ಸುಧಾಕರಣ್ಣನ ಮುಖದಲ್ಲಿ ನಗು ಬರಲು ಹೊರಟು ಅರ್ಧದಲ್ಲಿ ನಿಲ್ಲುತ್ತದೆ. ಮೋಸ ಮಾಡಿ ಒಳಗೆ ಬಂದವಳೆಂಬ ಮಾತು ಅವಳ ತಲೆಗೆ ಅಂಟುತ್ತದೆ, ನನ್ನದಕ್ಕಲ್ಲ. ಹಳೆಯ ಮನೆಯನ್ನು ಅಷ್ಟರಲ್ಲಿ ಅವಳು ಬಿಟ್ಟಾಗಿರುತ್ತದೆ. ನನಗೆ ಕಷ್ಟದ ಮಾತೊಂದು ತಪ್ಪಲೆಂದು ಅವಳನ್ನು ಬೀದಿಯಲ್ಲಿ ನಿಲ್ಲಿಸುವ ಏರ್ಪಾಟನ್ನು ನಾನು ಬಹಳ ಅಚ್ಚುಕಟ್ಟಾಗಿ ಮಾಡಿದ್ದೆ. ವಿಂಗಡಿಸಿದ ಎರಡು ಗುಂಪುಗಳಲ್ಲಿ ಯಾವುದರಲ್ಲೂ ನನ್ನ ಚೀಟಿಗೆ ಜಾಗವಿರಲಿಲ್ಲ.

ಮರುದಿನ ಬೆಳಿಗ್ಗೆ, ನನ್ನ ಕಛೇರಿಗೆ ಹೊರಡುವ ಮೊದಲು ಹೋಟೆಲಿಗೆ ಹೋದೆ. ಸುಧಾಕರಣ್ಣ ದೇವರಿಗೆ ಊದುಬತ್ತಿ ಹಚ್ಚಿ ಗಲ್ಲಾದಲ್ಲಿ ಆಗಷ್ಟೇ ಕೂತಿದ್ದರು. ಲಕೋಟೆಯನ್ನು ಹಿಂದಕ್ಕೆ ಕೊಟ್ಟು, ಅರ್ಜಿಯನ್ನು ಕೇಳಿ ತೆಗೆಸಿಕೊಂಡು, ಖಾಲಿ ಜಾಗದಲ್ಲಿ ಊರು ಮತ್ತು ದೇಶ ಬರೆದು ಅವರ ಕಡೆಗೆ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದರು, ಮತ್ತೆ ಹಾಕಿಕೊಂಡರು.

"ಮೊದ್ಲೇ ಯಾಕೆ ಹೇಳ್ಲಿಲ್ಲ ಮಗಾ?"

"ಹೆದರಿಕೆ ಆಯ್ತು ಅಣ್ಣ."

"ಯಾರದ್ದು?"

"ನಿಮ್ಮದು."

ಅವರು ಅರ್ಜಿಯನ್ನು ಇನ್ನೊಮ್ಮೆ ಮೊದಲಿನಿಂದ ಓದಿದರು. ದೋಸೆ ಪಾರ್ಸೆಲ್ ಕೇಳಿದ ಗಿರಾಕಿಯೊಬ್ಬರು ಕಾದು ನಿಂತರು. ಕೊನೆಗೆ, ಇದು ತನ್ನೊಬ್ಬನ ಕೈಯಲ್ಲಿಲ್ಲ, ಬುಧವಾರ ಕಮಿಟಿಯ ಮುಂದೆ ಇಡುತ್ತೇನೆ, ನೀನು ಬಂದು ಬಾಯಿ ಬಿಟ್ಟು ಮಾತಾಡಬೇಕು ಎಂದರು. ಬರುತ್ತೇನೆ ಎಂದೆ. ಹೋಟೆಲಿನ ಮೆಟ್ಟಿಲಿಳಿದು, ರಿಕ್ಷಾಗಳ ಸಾಲಿನ ಪಕ್ಕದಲ್ಲಿ ನಿಂತು ಗ್ರೇಸ್‌ಗೆ ಫೋನ್ ಮಾಡಿದೆ. ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸು ಎಂದೆ. ಅವರು ಇಲ್ಲವೆಂದರಾ ಎಂದು ಅವಳು ಕೇಳಿದಳು. ಆ ಪ್ರಶ್ನೆಯಲ್ಲಿ ಆಶ್ಚರ್ಯವೇ ಇರಲಿಲ್ಲ. ನೀನು ಯಾರೆಂದು ಅವರಿಗೆ ನಾನು ಹೇಳಿಯೇ ಇರಲಿಲ್ಲ, ತಪ್ಪು ನನ್ನದು ಎಂದು ಮೊದಲು ಹೇಳಿದೆ. ಬುಧವಾರದ ವಿಷಯ ಆಮೇಲೆ.