ಗುಬ್ಬಿಗೆ ಬಂದ ನೂರು ವೋಲ್ಟಿನ ಹೊಲಿಗೆ ಯಂತ್ರ

2007ನೇ ಇಸವಿ. ಹೊಲಿಗೆ ಯಂತ್ರ ತಯಾರಿಸುವ ಕಂಪನಿಯೊಂದರ ತುಮಕೂರು ಶಾಖೆಯಲ್ಲಿ ನಾನು ಸರ್ವಿಸ್ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೈಕೆಳಗೆ ಯಾರೂ ಇರಲಿಲ್ಲ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಯಂತ್ರಗಳನ್ನು ನಾನೊಬ್ಬನೇ ನೋಡಬೇಕಿತ್ತು. ಬೆಳಗ್ಗೆ ಅಂಗಡಿಯಲ್ಲಿ ಕುಳಿತು, ಮಧ್ಯಾಹ್ನದ ಮೇಲೆ ಟೂಲ್ ಬ್ಯಾಗ್ ಹೆಗಲಿಗೇರಿಸಿ ಬಸ್ ಹತ್ತುತ್ತಿದ್ದೆ. ಆ ಹೊತ್ತಿಗೆ ಕೆಲಸಕ್ಕೆ ಸೇರಿ ಇಪ್ಪತ್ತೊಂದು ವರ್ಷವಾಗಿತ್ತು. ಯಂತ್ರದ ಸದ್ದು ಕೇಳಿದರೆ ಸಾಕು, ರೋಗ ಹೇಳುತ್ತೇನೆ ಎಂಬ ಗರ್ವವೂ ಇತ್ತು.

ಆ ದಿನಗಳಲ್ಲಿ ನಮ್ಮ ಕಡೆ ಇಂಟರ್‌ನೆಟ್‌ನಲ್ಲಿ ಸಾಮಾನು ಕೊಳ್ಳುವವರು ಬೆರಳೆಣಿಕೆಯಷ್ಟು. ಆನ್‌ಲೈನ್ ಹರಾಜಿನ ವೆಬ್‌ಸೈಟುಗಳು ಬಂದಿದ್ದವು. ಮಾರುವವನು ಫೋಟೊ ಹಾಕುತ್ತಾನೆ, ಕೊಳ್ಳುವವರು ಬೆಲೆ ಕೂಗುತ್ತಾರೆ, ಗಡುವು ಮುಗಿಯುವಾಗ ಯಾರ ಬೆಲೆ ಮೇಲಿದೆಯೋ ಅವರಿಗೆ ವಸ್ತು. ಎತ್ತಿನ ಹಲ್ಲು ನೋಡದೆ ಸಂತೆ ವ್ಯಾಪಾರ ಮಾಡಿದ ಹಾಗೆ ಎಂದು ನಾನು ನಗುತ್ತಿದ್ದೆ. ಹಾಗೆ ಕೊಂಡ ಯಂತ್ರವನ್ನು ಯಾರಾದರೂ ರಿಪೇರಿಗೆ ತಂದರೆ ಮೊದಲು ಬಿಲ್ ಕೇಳುತ್ತಿದ್ದೆ. ನಮ್ಮ ಕಂಪನಿಯ ಬಿಲ್ ಇಲ್ಲದಿದ್ದರೆ ಮುಟ್ಟುತ್ತಿರಲಿಲ್ಲ. ಆಫೀಸಿನ ನಿಯಮವೂ ಅದೇ ಆಗಿತ್ತು.

ಜೂನ್ ತಿಂಗಳ ಒಂದು ಶನಿವಾರ ಮುನೀರ್ ಎಂಬುವವರು ಅಂಗಡಿಗೆ ಬಂದರು. ಮೂವತ್ತೈದರ ಆಸುಪಾಸು. ತುಮಕೂರಿನ ಅಂಚಿನ ಅಂತರಸನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕಬ್ಬಿಣ ಕಡೆಯುವ ಲೇಥ್ ಆಪರೇಟರ್. ಗುಬ್ಬಿಯಿಂದ ದಿನವೂ ಹಳೆಯ ಮೊಪೆಡ್‌ನಲ್ಲಿ ಓಡಾಡುತ್ತಿದ್ದರು. ಅಂಗಡಿಯ ಶೋಕೇಸಿನಲ್ಲಿದ್ದ ಎಲೆಕ್ಟ್ರಾನಿಕ್ ಯಂತ್ರವನ್ನು ಬಹಳ ಹೊತ್ತು ನೋಡಿ ಕೇಳಿದರು, "ಸಾರ್, ಇದು ಕಾಲು ಹಾಕ್ದೇನೇ ಓಡುತ್ತಾ?"

"ಓಡುತ್ತೆ. ಮುಂದೆ ಬಟನ್ ಇದೆ ನೋಡಿ. ಒತ್ತಿದ್ರೆ ಸ್ಟಾರ್ಟು, ಇನ್ನೊಂದ್ಸಲ ಒತ್ತಿದ್ರೆ ಸ್ಟಾಪು."

"ಎಷ್ಟಾಗುತ್ತೆ?"

"ಇಪ್ಪತ್ಮೂರೂವರೆ ಸಾವಿರ."

ಅವರು ತಲೆಯಾಡಿಸಿ ಹೊರಟರು. ಕೊಳ್ಳದ ಗಿರಾಕಿ ಎಂದುಕೊಂಡು ನಾನೂ ಮರೆತೆ.

ಆದರೆ ಮುಂದಿನ ನಾಲ್ಕು ತಿಂಗಳಲ್ಲಿ ಅವರು ಐದಾರು ಸಲ ಬಂದರು. ಪ್ರತಿ ಸಲವೂ ಒಂದು ಹೊಸ ಪ್ರಶ್ನೆ. ಬಾಬಿನ್ ಇಂಡಿಯಾದಲ್ಲಿ ಸಿಗುತ್ತಾ? ಹಳೇ ಮಾಡೆಲ್‌ಗೂ ಹೊಸದಕ್ಕೂ ಸೂಜಿ ಒಂದೇನಾ? ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲ್. ಗುಬ್ಬಿಯ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಹುಡುಕಿದ್ದನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಸೆಂಟರ್ ನಡೆಸುತ್ತಿದ್ದ ಹೆಣ್ಣುಮಗಳು ಓದಿ ಹೇಳುತ್ತಿದ್ದಳಂತೆ.

ಆ ಫೈಲಿನ ವಿದ್ಯೆ ಕೇಳಿ ನನಗೆ ಒಳಗೊಳಗೇ ಆಶ್ಚರ್ಯವಾಗುತ್ತಿತ್ತು. ಬೆಲೆ ನೋಡುವ ಮೊದಲು ಸಾಗಣೆ ಖರ್ಚು ಕೇಳಬೇಕು, ಕೆಲವರು ಯಂತ್ರದ ಬೆಲೆ ಇಳಿಸಿ ಸಾಗಣೆಯಲ್ಲಿ ಎಳೆಯುತ್ತಾರೆ. ಭಾನುವಾರ ಮುಗಿಯುವ ಹರಾಜಿಗೆ ಜನ ಜಾಸ್ತಿ, ವಾರದ ನಡುವೆ ಮಧ್ಯಾಹ್ನ ಮುಗಿಯುವುದಕ್ಕೆ ಕಡಿಮೆ. ಮಾರುವವನ ಬಗ್ಗೆ ಹಿಂದೆ ಕೊಂಡವರು ಬರೆದದ್ದನ್ನು ಓದಬೇಕು, ಅದರಲ್ಲೂ ಬೈದು ಬರೆದದ್ದನ್ನು ಮೊದಲು ಓದಬೇಕು.

ಅಕ್ಟೋಬರಿನಲ್ಲಿ ಒಂದು ದಿನ ಮುಖವರಳಿಸಿಕೊಂಡು ಬಂದರು.

"ಸಾರ್, ಒಂದು ಸಿಕ್ಕಿದೆ. ಮಾರೋನು ಮಾಡೆಲ್ ಹೆಸ್ರಲ್ಲಿ ಒಂದಕ್ಷರ ತಪ್ಪಾಗಿ ಬರ್ದವ್ನೆ. ಸರಿಯಾಗಿ ಟೈಪ್ ಮಾಡಿ ಹುಡುಕೋರ್ಗೆ ಅದು ಕಾಣೋದೇ ಇಲ್ಲ. ನಾನು ತಪ್ಪಾಗಿ ಟೈಪ್ ಮಾಡಿಸ್ದೆ. ನನ್ ಬಿಟ್ರೆ ಇನ್ನೊಬ್ರೇ ಕೂಗ್ತಾ ಇರೋದು."

ಹರಾಜು ಅವರ ಪಾಲಾಯಿತು. 7,450 ರೂಪಾಯಿ, ಸಾಗಣೆ 620. ಡಿಡಿ ತೆಗೆಸಿ ಕಳಿಸಿದರು. ಮಾರಿದವನು ಯಾವುದೋ ಬಂದರಿನ ಊರಿನ ವ್ಯಾಪಾರಿ, ಹೊರದೇಶದ ಹಳೆಯ ಸಾಮಾನು ಸಗಟಿನಲ್ಲಿ ತರಿಸಿ ಮಾರುವವನು. "ದುಡ್ಡು ಹೋಯ್ತು ಅಂದ್ಕೊಳಿ" ಎಂದೆ. ಈಗ ನೆನೆದರೆ ಆ ಮಾತು ಆಡಬಾರದಿತ್ತು ಅನ್ನಿಸುತ್ತದೆ.

ನವೆಂಬರ್ ಮೊದಲ ವಾರ ಆಫೀಸಿಗೆ ಫೋನ್ ಬಂತು. ಮುನೀರ್. ಯಂತ್ರ ಬಂದಿದೆ, ಪ್ಲಗ್ ಬೇರೆ ಥರ ಇದೆ, ಹತ್ತು ರೂಪಾಯಿ ಕೊಟ್ಟು ನಮ್ಮ ಸಾಕೆಟ್‌ಗೆ ಕೂರುವ ಅಡಾಪ್ಟರ್ ತಂದಿದ್ದೇನೆ, ಆದರೆ ಮನೆಯವರು ಸ್ವಿಚ್ ಹಾಕಲು ಬಿಡುತ್ತಿಲ್ಲ, ಗೊತ್ತಿರುವವರು ನೋಡಲಿ ಅನ್ನುತ್ತಿದ್ದಾರೆ, ಒಂದು ಸಲ ಬರ್ತೀರಾ ಎಂದರು.

"ಅದು ನಮ್ಮ ಕಂಪನಿಯಲ್ಲಿ ತಗೊಂಡಿದ್ದಲ್ಲ ಮುನೀರ್. ಬರಕ್ಕಾಗಲ್ಲ."

ಆ ಕಡೆ ಫೋನ್ ಕೈ ಬದಲಾಯಿತು. ಒಂದು ಹೆಣ್ಣು ದನಿ, ಬಹಳ ಶಾಂತವಾಗಿ ಹೇಳಿತು, "ಸಾರ್, ನಾನು ಜಬೀನಾ, ಇವ್ರ ಮನೆಯವ್ಳು. ಈ ಮಿಷಿನ್ನು ನಿಮ್ದಲ್ದೇ ಇರ್ಬೋದು. ನಾನು ನಿಮ್ ಗಿರಾಕಿನೇ. ಹನ್ನೆರಡು ವರ್ಷದಿಂದ ನಿಮ್ ಕಂಪನಿ ಕೈ ಮಿಷಿನ್ ತಿರುಗಿಸ್ತಾ ಇದೀನಿ. ನೀವು ಎರಡ್ಸಲ ಬಂದು ಎಣ್ಣೆ ಬಿಟ್ಟು ಹೋಗಿದೀರ."

ಫೋನಿಟ್ಟು ಹಳೆಯ ಸರ್ವಿಸ್ ಕಾರ್ಡುಗಳ ಪೆಟ್ಟಿಗೆ ತೆಗೆದೆ. ಸಿಕ್ಕಿತು. 1998ರಲ್ಲಿ ಒಮ್ಮೆ, 2003ರಲ್ಲಿ ಒಮ್ಮೆ. ಎರಡು ಸಲವೂ ನನ್ನದೇ ಕೈಬರಹ: "ಹ್ಯಾಂಡಲ್ ಬಿಗಿ. ಎಣ್ಣೆ ಹಾಕಲಾಗಿದೆ." ಆ ಮನೆಯಾಗಲಿ ಆ ಹೆಣ್ಣುಮಗಳಾಗಲಿ ನನಗೆ ನೆನಪಿಗೆ ಬರಲಿಲ್ಲ.

ಮರುದಿನ ಸಂಜೆ ಗುಬ್ಬಿಗೆ ಹೋದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಹೆಂಚಿನ ಮನೆ. ನಡುಮನೆಯಲ್ಲಿ ಚಾಪೆಯ ಮೇಲೆ ಜಬೀನಾ ಕುಳಿತಿದ್ದರು. ಸುತ್ತ ಅರ್ಧ ಹೊಲಿದ ಶಾಲೆಯ ಯೂನಿಫಾರಂಗಳು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅವರ ಎರಡೂ ಕಾಲುಗಳಲ್ಲಿ ಬಲವಿರಲಿಲ್ಲ. ಎದುರಿಗೆ ಮಣೆಯ ಮೇಲೆ ನಮ್ಮ ಕಂಪನಿಯ ಕೈ ಯಂತ್ರ. ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತ, ಎಡಗೈಯೊಂದರಿಂದಲೇ ಬಟ್ಟೆ ನಡೆಸುತ್ತಿದ್ದರು. ಕಾಲರ್‌ನಂಥ ತಿರುವು ಬಂದಾಗ ನಿಲ್ಲಿಸಿ, ಬಟ್ಟೆ ಸರಿಮಾಡಿ, ಮತ್ತೆ ತಿರುಗಿಸಬೇಕು. ಬಲಭುಜ ಎಡಭುಜಕ್ಕಿಂತ ಎತ್ತರವಾಗಿ ಊದಿಕೊಂಡಿತ್ತು.

"ಡಾಕ್ಟ್ರು ಏನಂದ್ರು?" ಎಂದೆ.

ಮುನೀರ್ ಹೇಳಿದರು, "ಕೀಲು ಸವೆದಿದೆಯಂತೆ. ಹ್ಯಾಂಡಲ್ ಮುಟ್ಟಬೇಡ, ಹಿಂಗೇ ಮಾಡಿದ್ರೆ ಕೈ ಎತ್ತಕ್ಕೇ ಆಗಲ್ಲ ಅಂದವ್ರೆ."

"ಸಾದಾ ಮಿಷಿನ್‌ಗೆ ಮೋಟರ್ ಕೂರಿಸಬಹುದಿತ್ತಲ್ಲ, ಸಾವಿರ ರೂಪಾಯಿ ಒಳಗೆ ಆಗ್ತಿತ್ತು."

"ಕೂರಿಸಿ ನೋಡ್ದೆ ಸಾರ್. ಅದರ ಸ್ಪೀಡ್ ಇರೋದೆಲ್ಲಾ ಕಾಲು ಪೆಡಲ್‌ನಾಗೆ. ಮೊಣಕೈ ಕೆಳಗೆ ಇಟ್ಟು ಒತ್ತು ಅಂದೆ. ಮತ್ತೆ ಒಂದು ಕೈ ಅಲ್ಲೇ ಹೋಯ್ತಲ್ಲ."

ಬಟನ್ನಿನ ಯಂತ್ರವೇ ಯಾಕೆ ಬೇಕಿತ್ತು ಎಂಬುದು ನನಗೆ ಹೊಳೆದದ್ದು ಆಗ. ನಾಲ್ಕು ತಿಂಗಳು ಪ್ರಶ್ನೆ ಕೇಳಿದ್ದು ಅವರು. ಯಾರಿಗಾಗಿ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಹೊಸ ಯಂತ್ರವನ್ನು ಬಗ್ಗಿಸಿ ತಳ ನೋಡಿದೆ. ಜಪಾನಿ ಅಕ್ಷರಗಳ ಚೀಟಿ. ನಡುವೆ ಓದಲು ಬರುವಂಥದ್ದು ಒಂದೇ: 100 V. ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟ್. ಜಪಾನಿನಲ್ಲಿ ಬಳಸುವುದು ನೂರು. ಅಡಾಪ್ಟರ್ ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ಸ್ವಿಚ್ ಒತ್ತಿದ್ದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತಿತ್ತು. ಆ ಬೋರ್ಡ್ ಇಲ್ಲೆಲ್ಲೂ ಸಿಗುವಂಥದ್ದಲ್ಲ.

ನಾನು ಹೇಳುತ್ತಿದ್ದಂತೆ ಮುನೀರ್ ಗೋಡೆಗೆ ಒರಗಿ ಕೆಳಗೆ ಕುಳಿತರು. ಫೈಲ್ ತೆಗೆದು ಹಾಳೆ ಹಾಳೆ ತಿರುವಿದರು. ಸೂಜಿ, ಬಾಬಿನ್, ಬೆಲ್ಟ್, ತೂಕ, ಸಾಗಣೆ ಎಲ್ಲ ಇತ್ತು. ವೋಲ್ಟ್ ಮಾತ್ರ ಇರಲಿಲ್ಲ.

"ಮೂರನೇ ಒಂದು ಭಾಗಕ್ಕೆ ಸಿಕ್ತು ಅಂತ ವರ್ಕ್‌ಶಾಪ್‌ನಾಗೆಲ್ಲಾ ಹೇಳ್ಕೊಂಡ್ ಬಂದೆ ಸಾರ್" ಎಂದರು. "ಅಕ್ಷರ ತಪ್ಪಿರೋದು ಕಂಡು ಹಿಡ್ದೆ. ಇದು ಕಾಣ್ಲಿಲ್ಲ ನಂಗೆ."

ಜಬೀನಾ ಉರ್ದುವಿನಲ್ಲಿ ಅವರಿಗೆ ಏನೋ ಮೆಲ್ಲಗೆ ಹೇಳಿದರು. ಆಮೇಲೆ ನನಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು, "ಸುಟ್ಟಿಲ್ವಲ್ಲ ರೀ. ಸುಟ್ಟಿದ್ರೆ ಅಳೋಣ. ದಾರಿ ಏನು ಅಂತ ಸಾರ್‌ನ ಕೇಳಿ."

ದಾರಿ ಇತ್ತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಇನ್ನೂರ ಮೂವತ್ತನ್ನು ನೂರಕ್ಕೆ ಇಳಿಸಿಕೊಡುವ ಪೆಟ್ಟಿಗೆ. ಮುನೀರ್ ತಕ್ಷಣ ಎದ್ದು ಕುಳಿತು, ಅಂಥದ್ದು ಆನ್‌ಲೈನ್‌ನಲ್ಲಿ ನಾನೂರು ರೂಪಾಯಿಗೆ ನೋಡಿದ್ದೇನೆ ಎಂದರು. ಅದು ಪ್ರಯಾಣ ಮಾಡುವವರು ಹತ್ತು ನಿಮಿಷ ಶೇವಿಂಗ್ ಮಿಷಿನ್ ಓಡಿಸಿಕೊಳ್ಳಲು ಮಾಡಿದ್ದು, ದಿನಕ್ಕೆ ಎಂಟು ಗಂಟೆ ಹೊಲಿದರೆ ಕಾದು ಕರಗುತ್ತದೆ ಎಂದು ವಿವರಿಸಿದೆ. ಈ ಸಲ ಅವರು ಫೈಲಿನಲ್ಲಿ ಬರೆದುಕೊಂಡರು.

ತುಮಕೂರಿನಲ್ಲಿ ಶಾಮಣ್ಣ ಎಂಬ ಹಿರಿಯರು ಮೋಟರ್‌ಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಿದ್ದರು. ಅವರಿಗೆ ವಿಷಯ ತಿಳಿಸಿದೆ. ನೂರೈವತ್ತು ವ್ಯಾಟ್ ತಡೆಯುವಂತೆ ಸುತ್ತಿ, ಫ್ಯೂಸ್ ಇಟ್ಟು, 850 ರೂಪಾಯಿಗೆ ಮಾಡಿಕೊಟ್ಟರು. ಪೆಟ್ಟಿಗೆಯ ತಗಡನ್ನು ಮುನೀರ್ ತಾವೇ ಕತ್ತರಿಸಿ, ಅಂಚು ಉಜ್ಜಿ, ಗಾಳಿಯಾಡಲು ತೂತು ಕೊರೆದು ತಂದರು. ಕಂಪನಿಯ ಸಮಯದಲ್ಲಿ ಹೋಗುವ ಹಾಗಿಲ್ಲದ್ದರಿಂದ ಭಾನುವಾರ ನನ್ನ ಸ್ವಂತ ಖರ್ಚಿನಲ್ಲಿ ಗುಬ್ಬಿಗೆ ಹೋದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ನಿಯಮ ದಾಟಿದ್ದು ಅದೇ ಮೊದಲು.

ಮೀಟರ್ ಹಿಡಿದು ನೋಡಿದೆ. 101 ವೋಲ್ಟ್. ಪ್ಲಗ್ ಹಾಕಿದೆ. ಯಂತ್ರದ ಸಣ್ಣ ಹಸಿರು ದೀಪ ಹತ್ತಿತು. ಮಾಹಿತಿ ಪುಸ್ತಕವೂ ಜಪಾನಿಯಲ್ಲೇ ಇದ್ದುದರಿಂದ ಚಿತ್ರ ನೋಡಿಕೊಂಡು ದಾರ ಪೋಣಿಸಿದೆ. ಸ್ಪೀಡನ್ನು ತೀರ ಕಡಿಮೆಗೆ ಇಟ್ಟು ಹೇಳಿದೆ, "ಒತ್ತಮ್ಮ."

ಜಬೀನಾ ಬಟ್ಟೆಯನ್ನು ಎಡಗೈಯಲ್ಲಿ ಹಿಡಿದು ಬಟನ್ ಒತ್ತಿದರು. ಯಂತ್ರ ಹೊಲಿಯತೊಡಗಿತು. ಅವರ ಬಲಗೈ ಅಭ್ಯಾಸಬಲದಿಂದ ಪಕ್ಕಕ್ಕೆ ಹೋಗಿ, ಇಲ್ಲದ ಹ್ಯಾಂಡಲನ್ನು ಹುಡುಕಿ, ಗಾಳಿಯಲ್ಲೇ ಒಂದು ಸುತ್ತು ತಿರುಗಿತು. ತಾವೇ ಅದನ್ನು ಕಂಡು ಕೈ ತಡೆದರು. ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದವರಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ನಿಧಾನವಾಗಿ ತಂದು ಬಟ್ಟೆಯ ಮೇಲೆ, ಎಡಗೈ ಪಕ್ಕದಲ್ಲಿ ಇಟ್ಟರು. ಕಾಲರಿನ ತಿರುವು ಬಂತು. ಎರಡೂ ಕೈ ಸೇರಿ ಬಟ್ಟೆಯನ್ನು ತಿರುಗಿಸಿದವು. ಯಂತ್ರ ನಿಲ್ಲಲಿಲ್ಲ.

ಮುನೀರ್ ಎದ್ದು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಚಹಾ ತಂದರು. ನಾನು ಕೂಲಿ ಬೇಡವೆಂದೆ. ಜಬೀನಾ ಒಪ್ಪಲಿಲ್ಲ. "ನೀವು ಪುಕ್ಕಟೆ ಮಾಡಿದ್ರೆ ಮುಂದಿನ್ಸಲ ಕರೆಯಕ್ಕೆ ನಂಗೆ ನಾಚಿಕೆಯಾಗುತ್ತೆ ಸಾರ್" ಎಂದು ನೂರು ರೂಪಾಯಿ ಮುಂದಿಟ್ಟರು. ತೆಗೆದುಕೊಂಡೆ.

ಆ ಕೆಲಸದಲ್ಲಿ ಮುಂದೆ ಇನ್ನೂ ಏಳು ವರ್ಷ ಇದ್ದೆ. ಆನ್‌ಲೈನ್ ಖರೀದಿ ಕ್ರಮೇಣ ಮನೆಮನೆಯ ಮಾತಾಯಿತು. ಅಗ್ಗಕ್ಕೆ ಕೊಳ್ಳುವುದು ಹೇಗೆಂದು ಜನ ನನ್ನನ್ನೇ ಕೇಳತೊಡಗಿದರು. ಹೊರದೇಶದ ಯಂತ್ರವಾದರೆ ವೋಲ್ಟ್ ನೋಡಿ, ಬಿಡಿಭಾಗ ಇಲ್ಲಿ ಸಿಗುತ್ತದೆಯೇ ವಿಚಾರಿಸಿ ಎನ್ನುತ್ತಿದ್ದೆ. ಆದರೆ ಅದಕ್ಕೂ ಮೊದಲು, ಹೊಲಿಯುವವರು ಯಾರು, ಹೇಗೆ ಕೂರುತ್ತಾರೆ, ಎಲ್ಲಿ ನೋಯುತ್ತದೆ ಎಂದು ನಾನೇ ಕೇಳುತ್ತಿದ್ದೆ. ಹ್ಯಾಂಡಲ್ ಬಿಗಿಯಾಗಿದೆ ಎಂದು ಎರಡು ಸಲ ಬರೆದು ಬಂದವನು ನಾನು. ಅದನ್ನು ತಿರುಗಿಸುವ ಭುಜವನ್ನು ಒಮ್ಮೆಯೂ ನೋಡಿರಲಿಲ್ಲ. ಯಂತ್ರ ರಿಪೇರಿಯೆಂದರೆ ಅದರ ಮುಂದೆ ಕುಳಿತವರನ್ನೂ ನೋಡುವುದು ಎಂದು ಕಲಿಸಿದ್ದು ಆ ಗುಬ್ಬಿಯ ಮನೆ.

ಯಂತ್ರ ಬಂದ ಮಾರನೆಯ ವರ್ಷದ ಬೇಸಿಗೆಯಲ್ಲಿ ಮುನೀರ್ ಸೂಜಿ ಕೊಳ್ಳಲು ಅಂಗಡಿಗೆ ಬಂದಿದ್ದರು. ಭುಜ ಹೇಗಿದೆ ಎಂದು ವಿಚಾರಿಸಿದೆ.

"ಊತ ಇಳಿದಿದೆ ಸಾರ್. ಕೈ ಮೇಲಕ್ಕೆ ಹೋಗುತ್ತೆ. ಈಗ ತಲೆ ಅವ್ಳೇ ಬಾಚ್ಕೋತಾಳೆ" ಎಂದರು. ಸೂಜಿಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಬಾಗಿಲ ತನಕ ಹೋಗಿ ತಿರುಗಿದರು. "ಎಂಟು ತಿಂಗಳು ನಾನೇ ಬಾಚ್ತಿದ್ದೆ. ಜಡೆ ಹಾಕೋದು ಆವಾಗಷ್ಟೇ ಸರಿಯಾಗಿ ಬಂದಿತ್ತು ನಂಗೆ."