ಐದು ನಾಯಿಗಳಿಗೆ ಊಟ ಹಾಕುವ ಕೈ

ವಿಟ್ಬಿ ಎಂಬ ಊರಿನ ಉತ್ತರಕ್ಕೆ, ಹೊಸ ಮನೆಗಳ ಸಾಲು ಮುಗಿದು ಹೊಲಗಳು ಶುರುವಾಗುವ ಕಡೆ ನನ್ನ ರೋಗಿಯೊಬ್ಬರಿದ್ದರು. ವಯಸ್ಸು ಎಪ್ಪತ್ತಾರು. ಹಿಮದ ಮೇಲೆ ನಾಯಿಗಳು ಎಳೆಯುವ ಸ್ಲೆಡ್ಡು ಗಾಡಿಯ ಹಿಂದೆ ನಿಂತು ನಲವತ್ತು ವರ್ಷ ಉತ್ತರ ಧ್ರುವದ ಆಸುಪಾಸೆಲ್ಲ ಸುತ್ತಿದ ಮನುಷ್ಯ. ಸೊಂಟದ ಮೂಳೆ ಮುರಿದುಕೊಂಡದ್ದು ಮಾತ್ರ ತಮ್ಮದೇ ಬಚ್ಚಲಲ್ಲಿ. ನಾನು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ, ಬಿದ್ದವರನ್ನು ಮತ್ತೆ ನಡೆಸುವುದು ನನ್ನ ಕೆಲಸ.

ಅವರ ಬಳಿ ಐದು ನಾಯಿಗಳು ಉಳಿದಿದ್ದವು. ಮಗಳು ಒಂದು ಕರಾರು ಹಾಕಿದ್ದಳು. ಹಿಮ ಕೂತ ಮೇಲೆ ಅಪ್ಪ ಸ್ಲೆಡ್ಡಿನ ಮೇಲೆ ನಿಂತು ಹೊಲಕ್ಕೆ ಒಂದು ಸುತ್ತು ಹಾಕಿದರೆ ನಾಯಿಗಳು ಇರಲಿ. ಆಗದಿದ್ದರೆ ದೂರದ ಊರಿನವರೊಬ್ಬರು ಬಂದು ಒಯ್ಯುತ್ತಾರೆ.

“ಅವಳು ಹೇಳೋದ್ರಲ್ಲಿ ತಪ್ಪೇನಿಲ್ಲ,” ಎಂದರು ಅವರು.

ಅವರು ಆಡಿದ್ದು ಇಂಗ್ಲಿಷು. ಆದರೆ ಈ ದೇಶಕ್ಕೆ ವಲಸೆ ಬಂದ ಮನೆಯವರ ಜೊತೆ, ಮಾಲ್ಟನ್ ಊರಿನ ಬೇಸ್‌ಮೆಂಟಿನಲ್ಲಿ ಅಜ್ಜಿ ತಾತನ ನಡುವೆ ಬೆಳೆದ ನನಗೆ ಯಾರ ಮಾತಾದರೂ ಕನ್ನಡದಲ್ಲೇ ನೆನಪಾಗುತ್ತದೆ.

ಕಾಲು ಎತ್ತಿ ಇಳಿಸುವ ವ್ಯಾಯಾಮ ಮಾಡಿಸುವಾಗ ಅವರು ಕಥೆ ಹೇಳುತ್ತಿದ್ದರು. ಒಮ್ಮೆ ಸಮುದ್ರದ ಮೇಲಿನ ಮಂಜುಗಡ್ಡೆ ಬಿರಿದು ಎದೆಮಟ್ಟ ನೀರಿಗೆ ಬಿದ್ದರಂತೆ. ಸ್ಲೆಡ್ಡಿನ ಹಗ್ಗ ಬಿಡದೆ ಹಿಡಿದಿದ್ದಕ್ಕೆ ನಾಯಿಗಳು ಎಳೆದು ಮೇಲೆ ಹಾಕಿದವಂತೆ. ನಾವೆಲ್ಲ ಹೈವೇಯ ಟ್ರಾಫಿಕ್ಕಿನ ಬಗ್ಗೆ ಮಾತಾಡುವಷ್ಟೇ ತಣ್ಣಗೆ ಹೇಳಿದರು.

“ಆಮೇಲೇನು ಮಾಡಿದ್ರಿ?”

“ಟೆಂಟ್ ಹಾಕಿದೆ. ನಾಯಿಗಳಿಗೆ ಊಟ ಹಾಕಿದೆ.”

“ಒದ್ದೆ ಬಟ್ಟೇಲೇ?”

“ಬದಲಾಯಿಸ್ಕೊಂಡೆ ಕಣಯ್ಯ. ಅಷ್ಟೇನೂ ದಡ್ಡ ಅಲ್ಲ.”

ಮನೆಯ ಹಿಂಬಾಗಿಲಿನಿಂದ ನಾಯಿಗಳ ಬೇಲಿಗೆ ಮೂವತ್ತು ಹೆಜ್ಜೆ. ನವೆಂಬರಿನಲ್ಲಿ ಆ ದಾರಿ ಬೆಳಗ್ಗೆಯೆಲ್ಲ ಗಾಜಿನ ಹಾಗೆ ಜಾರುತ್ತಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಿಸಿನೀರಿಗೆ ಮಾಂಸ ಕಲಸಿದ ಬಕೆಟ್ಟು ಹಿಡಿದು ಅವರು ಹೊರಟದ್ದನ್ನು ಒಂದು ದಿನ ನೋಡಿದೆ. ಇನ್ನೊಮ್ಮೆ ಬಿದ್ದರೆ ಮುಗಿಯಿತು. ಮರುದಿನದಿಂದ ಅರ್ಧ ಗಂಟೆ ಮುಂಚೆ ಹೋಗಿ ನಾನೇ ಊಟ ಹಾಕತೊಡಗಿದೆ. ಸೊಂಟದ ನೋವು ಜಾಸ್ತಿಯಿದ್ದ ದಿನಗಳು, ಅವರೂ ಬೇಡವೆನ್ನಲಿಲ್ಲ.

ನಮ್ಮಮ್ಮ ಮೈಸೂರಿನವರು, ಈರುಳ್ಳಿಗೂ ವಾರ ನೋಡುವವರು. ವಿಷಯ ತಿಳಿದ ಕೂಡಲೇ ಕಾನೂನು ಮಾಡಿದರು.

“ಜಾಕೆಟ್ಟು ಗರಾಜಲ್ಲೇ ಬಿಚ್ಚಿಡು. ಸ್ನಾನ ಮಾಡ್ದೆ ಅಡುಗೆಮನೆಗೆ ಕಾಲಿಟ್ಟೆ ಅಂದ್ರೆ ನೋಡು.” ಒಲೆಯ ಕಡೆ ತಿರುಗಿಕೊಂಡು, “ಅಲ್ವೋ, ಇಂಥ ಚಳೀಲಿ ಓಡೋ ಪ್ರಾಣಿಗಳು, ತುಪ್ಪ ಗಿಪ್ಪ ಏನೂ ಕಾಣಲ್ವಾ?”

ಮಾರನೆಯ ಬೆಳಗ್ಗೆ ಮೇಜಿನ ಮೇಲೆ ದೊಡ್ಡ ಡಬ್ಬಿಯಲ್ಲಿ ತುಪ್ಪ ಕಲಸಿದ ಅನ್ನ ಇತ್ತು. ಆಮೇಲೆ ದಿನವೂ ಇತ್ತು. ನನ್ನ ಕಾರಿನ ಸದ್ದು ಕೇಳಿದರೆ ಸಾಕು, ಐದೂ ಬೇಲಿಗೆ ಹಾರುತ್ತಿದ್ದವು. ನನಗೆ ಒಳಗೊಳಗೇ ಹೆಮ್ಮೆ.

ಮೂರು ವಾರ ಕಳೆದ ಮೇಲೆ ಅವರು ನನ್ನ ಜೊತೆ ಬೇಲಿಯವರೆಗೆ ನಡೆದು ಬಂದು ನಾಯಿಗಳನ್ನು ಕರೆದರು. ಎಲ್ಲವೂ ನನ್ನ ಹತ್ತಿರ ಬಂದವು. ಸಾಲಿನ ಮುಂದೆ ಓಡುವ ಮುದಿ ಹೆಣ್ಣುನಾಯಿ ನನ್ನ ಮೊಣಕಾಲಿಗೆ ಒರಗಿಯೇ ನಿಂತಿತು. ಅವರು ಒಳಗೆ ಹೋಗಿ ಕೂತರು.

“ಇನ್ಮೇಲೆ ನೀನು ಊಟ ಹಾಕ್ಬೇಡ.”

“ಬೀಳ್ತೀರಿ.”

“ಬಿದ್ರೆ ಏಳಿಸೋದು ನಿನ್ನ ಕೆಲಸ. ಸ್ಲೆಡ್ಡಿಗೆ ಕುದುರೆ ಥರ ಲಗಾಮಿಲ್ಲ, ಬರೀ ಬಾಯಿಮಾತಲ್ಲಿ ಓಡಿಸ್ಬೇಕು. ಊಟ ಹಾಕೋನ ಮಾತೇ ಅವು ಕೇಳೋದು.”

ನಾನು ಮುಖ ಸಣ್ಣಗೆ ಮಾಡಿಕೊಂಡಿರಬೇಕು.

“ನಿಮ್ಮಮ್ಮನ ತುಪ್ಪ ಚೆನ್ನಾಗಿದೆ,” ಎಂದರು. “ಅದನ್ನ ನಿಲ್ಲಿಸ್ಬೇಡ. ಹಾಕೋ ಕೈ ಮಾತ್ರ ನಂದಾಗಿರ್ಲಿ.”

ನಾನು ದಾರಿಗೆ ಮರಳು ಹಾಕಿದೆ, ಪಕ್ಕಕ್ಕೆ ಹಗ್ಗ ಕಟ್ಟಿದೆ, ಬಕೆಟ್ಟನ್ನು ಅರ್ಧರ್ಧ ತುಂಬಿಸಿ ಎರಡು ಸಲ ಓಡಾಡುವ ಹಾಗೆ ಮಾಡಿದೆ. ನಾನು ಹೇಳಿಕೊಟ್ಟ ಯಾವ ವ್ಯಾಯಾಮಕ್ಕಿಂತಲೂ ಆ ಬಕೆಟ್ಟಿನಿಂದಲೇ ಅವರ ಕಾಲು ಗಟ್ಟಿಯಾಯಿತು. ಮುದಿ ನಾಯಿ ಮಾತ್ರ ಅವರ ಕೈಯಲ್ಲಿ ತಿನ್ನುತ್ತಲೇ ಕಣ್ಣನ್ನು ನನ್ನ ಕಡೆ ಇಡುತ್ತಿತ್ತು.

ಡಿಸೆಂಬರಿನ ಕೊನೆಗೆ ಹಿಮ ಕೂತಿತು. ಮಗಳು ಬಂದು ಕೈಕಟ್ಟಿ ನಿಂತಳು. ಅವರು ಯಾರ ಸಹಾಯವನ್ನೂ ಕೇಳದೆ ಐದೂ ನಾಯಿಗಳಿಗೆ ಪಟ್ಟಿ ಬಿಗಿದು, ಸ್ಲೆಡ್ಡಿಗೆ ಕಟ್ಟಿ, ಮೇಲೆ ಹತ್ತಿ ನಿಂತರು. ಕಿವಿ ಕಿವುಡಾಗುವಷ್ಟು ಬೊಗಳಾಟ. ಅವರು ಹೊರಡಿ ಎಂದು ಕೂಗಿದರು. ಹಿಂದಿನ ನಾಲ್ಕೂ ಮುಂದಕ್ಕೆ ವಾಲಿದವು. ಮುಂದಿನದು ಕತ್ತು ತಿರುಗಿಸಿ ನನ್ನನ್ನು ನೋಡಿತು. ಇನ್ನೊಂದು ಸಲ ಹೇಳಿದರು. ಮತ್ತೆ ಹಾಗೇ. ಮಗಳು ತನ್ನ ಬೂಟು ನೋಡಿಕೊಂಡಳು.

“ನೀನು ಕಾರು ತಗೊಂಡು ಹೊರಡು,” ಎಂದರು ನನಗೆ. “ಕಣ್ಣಿಗೆ ಕಾಣ್ಬೇಡ.”

“ನೋಡ್ಬೇಕು ಅಂತಿದ್ದೆ.”

“ನೀನಿಲ್ಲಿದ್ರೆ ನೋಡೋಕೆ ಏನೂ ಇರಲ್ಲ.”

ಪೈನ್ ಮರಗಳ ತಿರುವು ದಾಟಿ, ಅವರಿಗೆ ನಾನು ಕಾಣದ ಜಾಗದಲ್ಲಿ ಕಾರು ನಿಲ್ಲಿಸಿ ಕಿಟಕಿ ಇಳಿಸಿದೆ. ಕಟ್ಟಿದ ನಾಯಿಗಳು ಸ್ಲೆಡ್ಡು ಕದಲುವವರೆಗೆ ಬೊಗಳುತ್ತವೆ. ಓಟ ಶುರುವಾದರೆ ಉಸಿರೆಲ್ಲ ಕಾಲಿಗೇ ಬೇಕು, ಸದ್ದು ನಿಲ್ಲುತ್ತದೆ. ಬೊಗಳಾಟ ಕೇಳುತ್ತಲೇ ಇತ್ತು. ಹೀಟರಿನ ಶಾಖವೆಲ್ಲ ಕಿಟಕಿಯಿಂದ ಹೊರಗೆ ಹೋಯಿತು. ಆಮೇಲೆ, ಯಾರೋ ರೇಡಿಯೋ ಆರಿಸಿದ ಹಾಗೆ, ಐದೂ ಒಟ್ಟಿಗೆ ಸುಮ್ಮನಾದವು.

ಸ್ವಲ್ಪ ಹೊತ್ತು ಕಾದೆ. ಹತ್ತು ಗಂಟೆಗೆ ಬೇರೊಬ್ಬರ ಮೊಣಕಾಲು ನೋಡಬೇಕಿತ್ತು, ಹೊರಟೆ. ಆ ಮೊಣಕಾಲು ಮಡಿಸುತ್ತಿರುವಾಗ ಮಗಳ ಮೆಸೇಜು ಬಂತು. ನಾಲ್ಕನೇ ಸುತ್ತು ನಡೆಯುತ್ತಿದೆ, ಇಳಿಯಲು ಒಪ್ಪುತ್ತಿಲ್ಲ, ನೀವಾದರೂ ಹೇಳಿ ಎಂದಿತ್ತು.

ನಾನು ಫೋನನ್ನು ಜೇಬಿಗೆ ಹಾಕಿ, ಮೊಣಕಾಲನ್ನು ಇನ್ನೊಮ್ಮೆ ಮಡಿಸಿದೆ.