ಕರಡಿಗೆ ರೆಕ್ಕೆ ಹಚ್ಚಲು ಹೋಗಿ

ಕರಡಿಗೆ ರೆಕ್ಕೆ ಹಚ್ಚಿದರೆ ಅದು ಹಾರುತ್ತದೆಯೇ?

ಹೋದ ತಿಂಗಳ ಒಂದು ಶುಕ್ರವಾರದವರೆಗೆ ನನಗೆ ಈ ಬಗ್ಗೆ ಸಂಶಯವೇ ಇರಲಿಲ್ಲ. ಹಾರಲೇಬೇಕು. ಯಾಕೆಂದರೆ ಹಚ್ಚಿದವಳು ನಾನು. ಕೊಟ್ಟೂರಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವಳು. ಹಕ್ಕಿಯ ಅಸ್ಥಿಪಂಜರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬಿಡಿಸುವವಳು. (ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಬಿಡಿಸುತ್ತಿದ್ದೆ ಎಂಬುದು ಆಮೇಲೆ ತಿಳಿಯಿತು.)

ನನ್ನ ಅಕ್ಕನ ಮಗಳು ಕಾವ್ಯ ಹರಪನಹಳ್ಳಿಯ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಲೀಡರುಗಳ ಹುಟ್ಟುಹಬ್ಬದ ಬ್ಯಾನರಿನಲ್ಲಿ ನಲವತ್ತು ಅಭಿಮಾನಿಗಳ ಮುಖ ಕೂರಿಸಿ ಕೂರಿಸಿ ಬೇಸತ್ತಿದ್ದಳು. ಮೊಬೈಲ್ ಗೇಮ್ ಮಾಡುವ ಕಂಪನಿಯೊಂದು ಕೆಲಸಕ್ಕೆ ಕರೆದಿತ್ತು, ಮನೆಯಿಂದಲೇ ಮಾಡಬಹುದಾದ ಕೆಲಸ. ಆದರೆ ಮೊದಲು ಒಂದು ಟೆಸ್ಟ್: ನಿಮ್ಮ ಸೀಮೆಯ ಯಾವುದಾದರೂ ಪ್ರಾಣಿಗೆ ರೆಕ್ಕೆ ಕೊಡಿ, ಅದು ನಿಜವಾಗಿ ಹಾರುವಂತೆ ಅಸ್ಥಿಪಂಜರ ಬಿಡಿಸಿ.

ಕಾವ್ಯ ಗುಡೇಕೋಟೆ ಕಡೆಯ ಕರಡಿಯನ್ನು ಆರಿಸಿಕೊಂಡಳು. ಎಲುಬಿನ ಲೆಕ್ಕಕ್ಕೆ ನನ್ನನ್ನು ಆರಿಸಿಕೊಂಡಳು. ಎರಡೂ ಭಾರವಾದ ಆಯ್ಕೆಗಳೇ.

ಒಂದೇ ಸಂಜೆಯಲ್ಲಿ ಮುಗಿಸಿದೆ. ಬೆನ್ನ ಮೇಲೆ ಎರಡು ರೆಕ್ಕೆ, ಅದನ್ನು ಬಡಿಯಲು ಬೆನ್ನ ತುಂಬ ದಪ್ಪ ಸ್ನಾಯು. ಭಾರ ಇಳಿಸಲು ಎಲುಬುಗಳನ್ನೆಲ್ಲ ಟೊಳ್ಳು ಮಾಡಿದೆ. (ನನ್ನ ತಲೆಯ ಅನುಭವ ಅಲ್ಲಿ ಕೆಲಸಕ್ಕೆ ಬಂತು.) ಕಾವ್ಯ ಹಾಗೆಯೇ ಬಿಡಿಸಿ ಕಳಿಸಿದಳು. ಶುಕ್ರವಾರ ಕಂಪನಿಯಿಂದ ಉತ್ತರ ಬಂತು. "ಕರಡಿ ಚೆನ್ನಾಗಿದೆ. ಆದರೆ ಇದು ಹಾರುವುದಿಲ್ಲ, ಬೆನ್ನಿಗೆ ಬೀಸಣಿಗೆ ಕಟ್ಟಿಕೊಂಡು ನಡೆಯುತ್ತದೆ. ಸೋಮವಾರದೊಳಗೆ ಇನ್ನೊಂದೇ ಅವಕಾಶ."

ಪುಸ್ತಕ ತೆಗೆದೆ. ಹಕ್ಕಿಯ ಎದೆಯ ಮಧ್ಯೆ ಚೂಪು ಅಂಚಿನಂತೆ ಮುಂದಕ್ಕೆ ಚಾಚಿದ ಎಲುಬು, ಅದಕ್ಕೆ ಅಂಟಿದ, ರೆಕ್ಕೆ ಬಡಿಯುವ ಸ್ನಾಯು. ವರ್ಷಾ ವರ್ಷ ನಾನೇ ಕಲಿಸುವ ಎಲುಬು! ಅದು ನನಗೆ ನೆನಪಾಗಲಿಲ್ಲವೇ? ಇಲ್ಲ. ನನ್ನ ಮಟ್ಟಿಗೆ ಅದು ಪರೀಕ್ಷೆಗೆ ಬರುವ ಎಲುಬಾಗಿತ್ತು. ಹಾರಲು ಬೇಕಾದ ಎಲುಬು ಎಂದು ಹೊಳೆದೇ ಇರಲಿಲ್ಲ.

ಕಾವ್ಯ ಫೋನಿನಲ್ಲಿ ಸಣ್ಣ ದನಿಯಲ್ಲಿ ಕೇಳಿದಳು. "ಚಿಕ್ಕಮ್ಮ, ಎದೀ ಸ್ನಾಯು ರೆಕ್ಕಿನ ಕೆಳಗ ಎಳೀತೈತಿ ಅಂದ್ರಿ. ಮತ್ತ ಮ್ಯಾಲೆ ಎತ್ತೋದು ಯಾವುದು?"

ನನಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ನೋಡಬಹುದಿತ್ತಲ್ಲ ಅಂತೀರಾ? ನೋಡಿದೆ. ಬಾಣದ ಗುರುತಿನ ಚಿತ್ರಗಳು ಬೇಕಾದಷ್ಟು ಸಿಕ್ಕವು, ಒಂದೂ ತಲೆಗೆ ಹತ್ತಲಿಲ್ಲ. ನಿಜವಾದ ಕೋಳಿಯನ್ನೇ ನೋಡುವುದು ಎಂದು ತೀರ್ಮಾನಿಸಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ಹಸಿರು ಚುಕ್ಕೆ ಹುಡುಕುವ ಮನೆ ನಮ್ಮದು. ಕೊಟ್ಟೂರಿನ ಚಿಕನ್ ಅಂಗಡಿಯ ಮುಂದೆ ನಾನು ನಿಂತರೆ ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿರುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ನನ್ನನ್ನು ಯಾರು ಬಲ್ಲರು?

ಅಂಗಡಿಯ ಮುಂದೆ ದೊಡ್ಡ ಕ್ಯೂ. ಸೆರಗಿನಿಂದ ಮುಖ ಮುಚ್ಚಿಕೊಂಡು, "ಕೋಳಿ ಬೇಡಪ್ಪ, ಎಲುಬು ನೋಡಬೇಕಿತ್ತು" ಎಂದೆ.

ಕತ್ತಿ ಹಿಡಿದವನ ಕೈ ನಿಂತಿತು. "ಟೀಚರ್! ನಾನ್ರಿ, ದುರುಗೇಶ. ಕೊಟ್ಟೂರಾಗ ಕೊನೀ ಬೆಂಚಿನ್ಯಾಗ ಕುಂದರ್ತಿದ್ದೆ. ಈ ಧ್ವನಿ ಎಲ್ಲಿದ್ರೂ ಗುರ್ತು ಹಿಡೀತೀನಿ. ಏ, ಸರೀರಿ ಎಲ್ಲಾರೂ, ನಮ್ಮ ಟೀಚರ್ ಬಂದಾರ!"

ಇಡೀ ಕ್ಯೂ ತಿರುಗಿ ನನಗೆ ನಮಸ್ಕಾರ ಮಾಡಿತು. ಸೆರಗು ತೆಗೆದು ವಿಷಯ ಹೇಳಿದೆ. ಬೇರೆ ದಾರಿ ಇರಲಿಲ್ಲ.

"ಕರಡಿಗೇನ್ರಿ ರೆಕ್ಕಿ?" ಕ್ಯೂನಲ್ಲಿದ್ದ ಹಿರಿಯರೊಬ್ಬರು ಗಾಬರಿಯಾದರು. "ಈಗ ನಡಕೊಂತ ಬಂದೇ ಶೇಂಗಾ ತಿಂದು ಹೋಗ್ತಾವ. ಇನ್ನ ಹಾರಿಸ್ತೀರೇನವ್ವ?"

ದುರುಗೇಶ ಮಾತ್ರ ನಗಲಿಲ್ಲ. ಸುಲಿದ ಕೋಳಿಯೊಂದನ್ನು ಹಲಗೆಯ ಮೇಲಿಟ್ಟು, ಎದೆಯ ದಪ್ಪ ಮಾಂಸವನ್ನು ಬಿಡಿಸಿ ಸರಿಸಿದ. "ಇದು ಕೆಳಗ ಎಳಿಯೋದು. ಇದರ ಅಡಿಯಾಗ ಈ ಸಣ್ಣ ಪಟ್ಟಿ ಐತಿ ನೋಡ್ರಿ. ಇದರ ತುದಿಗೊಂದು ಬಿಳಿ ನರ. ಬಾವಿ ಗಾಲಿ ಮ್ಯಾಲೆ ಹಗ್ಗ ಹಾದಂಗ ಭುಜದ ಸಂದ್ಯಾಗ ಹಾದು ಮ್ಯಾಲೆ ಹೋಗ್ತೈತಿ. ಈಗ ನೋಡ್ರಿ."

ಪಟ್ಟಿಯನ್ನು ಎಳೆದ. ಸತ್ತ ಕೋಳಿ ರೆಕ್ಕೆ ಎತ್ತಿತು.

ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. (ಆ ವಾರ ಹಾರಿದ ಮೊದಲ ಪ್ರಾಣಿ ನಾನೇ.)

"ಎತ್ತೋದೂ ಎದೀನ, ಇಳಿಸೋದೂ ಎದೀನ. ಬೆನ್ನಾಗ ಏನೈತ್ರಿ? ಬೆನ್ನಿನ ಪೀಸ್ ಯಾರೂ ಕೇಳಂಗಿಲ್ಲ."

ಇನ್ನೊಮ್ಮೆ ಎಳೆಯಲು ಹೇಳಿದೆ. ಮತ್ತೊಮ್ಮೆ ಹೇಳಿದೆ. ಕೊನೆಗೆ ನಾನೇ ಎಳೆದೆ. ಹೌದು, ಈ ಕೈಯಿಂದಲೇ. ಅದೆಷ್ಟು ಖುಷಿಯಾಯಿತೆಂದರೆ ಮಡಿ ಮೈಲಿಗೆ ಯಾವುದೂ ನೆನಪಿಗೆ ಬರಲಿಲ್ಲ.

ಹೊರಡುವಾಗ ಎದೆಯ ಎಲುಬನ್ನು ತೊಳೆದು, ಕವರಿನಲ್ಲಿ ಹಾಕಿಕೊಟ್ಟ. "ನೆನಪೈತೇನ್ರಿ ಟೀಚರ್? ಇದು ಯಾತರಂಗ ಐತಿ ಅಂತ ಟೆಸ್ಟಿನ್ಯಾಗ ಕೇಳಿದ್ರಿ. ನಾನು ರಂಟಿ ಕುಳ ಇದ್ದಂಗ ಅಂತ ಬರದಿದ್ದೆ. ನೀವು ಕೆಂಪು ಗೀಟು ಎಳದು, ಸೊನ್ನಿ ಕೊಟ್ಟು, ದೋಣಿ ಅಂತ ಹತ್ತು ಸಲ ಬರಿಸಿದ್ರಿ. ಅವತ್ತೇ ಅನ್ಕಂಡೆ, ಸೈನ್ಸ್ ನಮಗಲ್ಲ ಬಿಡು ಅಂತ."

ನಗುತ್ತಲೇ ಹೇಳಿದ. ನನಗೆ ನಗಲಾಗಲಿಲ್ಲ.

ಬಸ್ಸಿನಲ್ಲಿ ಕವರು ಬಿಚ್ಚಿ ನೋಡಿದೆ. ಮಣ್ಣು ಸೀಳುವ ನೇಗಿಲ ಕುಳದಂತೆಯೇ ಇತ್ತು ಆ ಎಲುಬು. ದೋಣಿಯನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅವನು ನೇಗಿಲನ್ನು ನೋಡಿದ್ದ, ಕೋಳಿಯನ್ನು ನೋಡಿದ್ದ. ನಾನು ನೋಡಿದ್ದು ಪುಸ್ತಕದಲ್ಲಿದ್ದ ಉತ್ತರವನ್ನು. ಮುಟ್ಟಿ ನೋಡಿದವನಿಗೆ ಮುಟ್ಟದವಳು ಸೊನ್ನೆ ಕೊಟ್ಟಿದ್ದೆ. ನಾಚಿಕೆಯಿಂದ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ನಮ್ಮಲ್ಲಿ ಎಷ್ಟು ಜನ ಹೀಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗೆ ಕಲಿಸಿ ಸಂಬಳ ಎಣಿಸುತ್ತಿದ್ದೇವೆಯೋ!

ಅಂದು ಮಧ್ಯಾಹ್ನವೇ ಕರಡಿಯ ಎದೆಗೆ ಕುಳ ಬಂತು, ಭುಜಕ್ಕೆ ಗಾಲಿ ಬಂತು. "ಚಿಕ್ಕಮ್ಮ, ಎದಿ ಉಬ್ಬಿಸಿದ ಪೈಲ್ವಾನ್ ಕಂಡಂಗ ಕಾಣ್ತೈತಿ" ಎಂದಳು ಕಾವ್ಯ. ಸೋಮವಾರ ಕಳಿಸಿದಳು. ಮುಂದಿನ ವಾರ ಕಂಪನಿಯಿಂದ ಫೋನ್ ಬಂತು. ಕರಡಿ ಹಾರಿತ್ತು, ಕಾವ್ಯಳಿಗೆ ಕೆಲಸ ಸಿಕ್ಕಿತ್ತು.

ಚಿತ್ರದ ಮೂಲೆಯಲ್ಲಿ ಎಲುಬಿನ ಸಲಹೆ ಕೊಟ್ಟವರ ಹೆಸರು ಹಾಕಬೇಕಂತೆ. ಅವಳು ನನ್ನ ಹೆಸರು, ನನ್ನ ಡಿಗ್ರಿ ಎರಡನ್ನೂ ಬರೆದಿದ್ದಳು. ಹೊಡೆದು ಹಾಕಿಸಿ ದುರುಗೇಶನ ಹೆಸರು ಬರೆಸಿದೆ. ಅಷ್ಟಕ್ಕೆ ಆ ಸೊನ್ನೆ ಅಳಿಯುತ್ತದೆಯೇ?

ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ: ಇಪ್ಪತ್ತು ವರ್ಷದ ಹಿಂದಿನ ಉತ್ತರ ಪತ್ರಿಕೆಯ ಮರುಮೌಲ್ಯಮಾಪನಕ್ಕೆ ಟೀಚರೇ ಅರ್ಜಿ ಹಾಕಬಹುದೇ?